ಕಾಡುಪಾಪ ನೋಡಲು ಹೋದ ರಾತ್ರಿ

ಸಂಜೆ ಆರರ ಮೇಲೆ ನನ್ನ ಗಂಡ ಮನೆಯಿಂದ ಹೊರಬೀಳುತ್ತಿರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿಗೆ ಹೋಗೋಣ ಎಂದರೆ ತಲೆನೋವು, ಸಿನಿಮಾ ಎಂದರೆ ಆಫೀಸಿನ ಕಾಲ್. ಎಂಟು ತಿಂಗಳು ಸಹಿಸಿದೆ. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಸಹಿಸಿದೆ ಎಂದರೆ ದಿನಕ್ಕೆ ಒಂದೇ ಸಲ ಜಗಳ ಆಡಿದೆ ಎಂದರ್ಥ.

ಕೊನೆಗೆ ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆಂದು ಚಿಂತಾಮಣಿ ಕಡೆಯ ಒಂದು ತೋಟದ ಮನೆಯಲ್ಲಿ ನಾನೇ ರೂಮು ಬುಕ್ ಮಾಡಿದೆ. ರಾತ್ರಿ ಊಟವಾದ ಮೇಲೆ ಗುಡ್ಡದಲ್ಲಿ ನಡೆಸಿಕೊಂಡು ಹೋಗಿ ಕಾಡುಪಾಪ ತೋರಿಸುತ್ತಾರಂತೆ. ಅಂಗೈಯಷ್ಟು ಮೈ, ಮುಖದ ತುಂಬ ಕಣ್ಣು, ಹಗಲೆಲ್ಲ ನಿದ್ದೆ ಮಾಡುವ ಪ್ರಾಣಿ ಅದು.

“ನೀನು ಹೋಗಿ ನೋಡ್ಕೊಂಡ್ ಬಾ, ನಾನು ರೂಮಲ್ಲಿರ್ತೀನಿ,” ಎಂದರು.

“ಒಂದು ರಾತ್ರಿ ಹೆಂಡ್ತಿ ಜೊತೆ ನಡೆಯೋಕಾಗಲ್ವೇನ್ರೀ ನಿಮಗೆ?”

ಬರುತ್ತೇನೆಂದರು. ಗೆದ್ದೆ ಅಂದುಕೊಂಡೆ.

ನಮ್ಮ ಮನೆಯಿರುವ ಹೊಸ ತಿಪ್ಪಸಂದ್ರದಿಂದ ಬೆಳಗ್ಗೆ ಹನ್ನೊಂದಕ್ಕೇ ಹೊರಡಿಸಿದರು. “ಇಷ್ಟು ಬೇಗ ಹೋಗಿ ಅಲ್ಲೇನು ನೊಣ ಹೊಡೆಯೋದಾ?” ಎಂದರೂ ಕೇಳಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಬಿದ್ದಾಗ ಗಡಿಯಾರ ನೋಡಿ ನೋಡಿ ಬೆವರಿದರು. ಹೊಸಕೋಟೆ ದಾಟಿದ ಮೇಲೆ ಮಾತ್ರ ಬೇರೆಯೇ ಮನುಷ್ಯ. ಕಾರು ಓಡಿಸುತ್ತಿದ್ದ ನನಗೆ, ಮಾವಿನ ತೋಪು ಕಂಡರೆ ನಿಲ್ಲಿಸು, ಕುರಿಮಂದೆ ಕಂಡರೆ ನಿಲ್ಲಿಸು. ಒಂದು ಕೆರೆ ಏರಿಯ ಮೇಲೆ ಇಳಿದು, ಅಲ್ಲಿದ್ದ ನಾಲ್ಕು ಬೆಳ್ಳಕ್ಕಿಗಳನ್ನು ಹತ್ತು ನಿಮಿಷ ನೋಡುತ್ತ ನಿಂತರು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಈ ಮನುಷ್ಯನಿಗೆ ರಸಿಕತೆ ಬಂತಲ್ಲ ಎಂದು ಛೇಡಿಸಿದೆ.

ರಾತ್ರಿ ನಮ್ಮನ್ನು ಕರೆದೊಯ್ದವರು ಅರಣ್ಯ ಇಲಾಖೆಯಿಂದ ನಿವೃತ್ತರಾದ ಹಿರಿಯರು. ನಮ್ಮ ಜೊತೆ ಇನ್ನೊಂದು ಕುಟುಂಬವಿತ್ತು. ಗುಡ್ಡದ ಬುಡದಲ್ಲಿ ಎಲ್ಲರಿಗೂ ಮೊಬೈಲು, ಟಾರ್ಚು ಆರಿಸಲು ಹೇಳಿದರು. “ಹತ್ತು ನಿಮಿಷ ಸುಮ್ನೆ ನಿಂತ್ಕಳಿ. ಕಣ್ಣು ಕತ್ಲೆಗೆ ಒಗ್ತದೆ.”

ನಿಜಕ್ಕೂ ಒಗ್ಗಿತು. ಮೊದಲು ಕಾಲುದಾರಿ ಬೆಳ್ಳಗೆ ಕಂಡಿತು, ಆಮೇಲೆ ಪೊದೆಗಳು, ಆಮೇಲೆ ಜನ. ನಮ್ಮ ಬೀದಿಯಲ್ಲಿ ಕತ್ತಲೆ ಅನ್ನುವುದೇ ಇಲ್ಲ. ಅಂಗಡಿಗಳ ದೀಪ ಆರುವ ಹೊತ್ತಿಗೆ ನಾವು ಮಲಗಿರುತ್ತೇವೆ. ಕರೆಂಟು ಹೋದರೆ ಇನ್ವರ್ಟರ್ ಇದೆ. ಇಷ್ಟು ವರ್ಷದಲ್ಲಿ ಇವರ ಜೊತೆ ನಿಜವಾದ ಕತ್ತಲೆಯಲ್ಲಿ ನಿಂತದ್ದು ಅದೇ ಮೊದಲು.

ಹಿರಿಯರು ಕೆಂಪು ಕಾಗದ ಸುತ್ತಿದ ಸಣ್ಣ ಟಾರ್ಚನ್ನು ಮರದತ್ತ ಹಿಡಿದರು. ಕೊಂಬೆಯಲ್ಲಿ ಎರಡು ಕೆಂಡದ ಚುಕ್ಕಿ. “ಕಾಣ್ತಾ ಸಾರ್?”

“ಹ್ಞೂಂ, ಕಾಣ್ತು. ತುಂಬಾ ಚೆನ್ನಾಗಿದೆ,” ಎಂದರು ನನ್ನ ಗಂಡ. ಅವರ ಮುಖ ಪಕ್ಕದ ಬೋಳು ಬಂಡೆಯ ಕಡೆಗಿತ್ತು.

ನಗು ಬಂತು. ಟಾರ್ಚು ಆರಿತು. ಅವರ ಕಣ್ಣೆದುರು ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ. ಅವರಿನ್ನೂ ಬಂಡೆಯನ್ನೇ ನೋಡಿ ಮುಗುಳ್ನಗುತ್ತಿದ್ದರು.

ತೋಳು ಹಿಡಿದು ಹಿಂದಕ್ಕೆ ನಿಲ್ಲಿಸಿಕೊಂಡೆ. “ಎಷ್ಟು ದಿನದಿಂದ?”

“ಡಾಕ್ಟ್ರು ಹೇಳಿ ಎಂಟ್ ತಿಂಗ್ಳಾಯ್ತು. ಮೊದ್ಲು ರಾತ್ರಿ ಕಾಣೋದು ಹೋಗುತ್ತಂತೆ. ಆಮೇಲೆ ಅಕ್ಕಪಕ್ಕದ್ದು. ಕೊನೆಗೆ ಹಗಲೂ.”

“ಔಷಧಿ?”

“ಇಲ್ವಂತೆ. ಮೂರ್ ಕಡೆ ತೋರಿಸ್ದೆ.”

ಹೇಳಲಿಲ್ಲವಲ್ಲ ಎಂದು ಬೈಯಬೇಕೆನಿಸಿತು. ಆದರೆ ಹೇಳಲು ನಾನು ಯಾವ ಸಂಜೆ ಬಿಟ್ಟಿದ್ದೆ? ಇವರ ಕಣ್ಣನ್ನು ನಾನು ಏನು ಮಾಡಿದರೂ ಉಳಿಸಿಕೊಳ್ಳಲಾರೆ. ಅಷ್ಟು ಅಸಹಾಯಕಳಾಗಿ ನಾನು ಯಾವತ್ತೂ ನಿಂತಿರಲಿಲ್ಲ.

ಉಳಿದವರು ಮುಂದೆ ಹೋಗಿದ್ದರು. “ಕಲ್ಲಿದೆ, ಬಲಕ್ಕೆ ಬನ್ನಿ,” ಎನ್ನುತ್ತ ಅವರನ್ನು ಮೇಲೆ ಹತ್ತಿಸಿದೆ. ಹೆಜ್ಜೆ ಹೆಜ್ಜೆಗೂ ಪಾದದಿಂದ ನೆಲ ತಡವುತ್ತಿದ್ದರು. ನೆತ್ತಿಯ ಹಾಸುಬಂಡೆಗೆ ಬಂದಾಗ ಮುಖ ಮೇಲೆತ್ತಿದರು.

“ನಕ್ಷತ್ರ ಕಾಣ್ತಿದಾವಾ?”

ಅಂಥ ಆಕಾಶವನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಕಣ್ಣಿಡಲು ಜಾಗವಿಲ್ಲದಷ್ಟು ನಕ್ಷತ್ರ.

“ಇಲ್ಲ ಕಣ್ರೀ, ಬರೀ ಮೋಡ. ನಂಗೂ ಏನೂ ಕಾಣ್ತಿಲ್ಲ.”

“ಹೌದಾ,” ಎಂದರು. ಅವರ ತೋಳು ಸ್ವಲ್ಪ ಸಡಿಲವಾಯಿತು.

ಅಷ್ಟರಲ್ಲಿ ಹಿರಿಯರ ದನಿ ಕೇಳಿಸಿತು. “ನಿಮ್ ಅದೃಷ್ಟ, ಇವತ್ತು ಒಂದ್ ಚೂರೂ ಮೋಡ ಇಲ್ಲ. ಅಗೋ, ಅದು ಸಪ್ತರ್ಷಿ ಮಂಡಲ. ಅದರ ಕೆಳಗೆ ನೋಡಿ...”

ಅವರು ಒಂದೊಂದಾಗಿ ತೋರಿಸುತ್ತ ಹೋದರು. ನನ್ನ ಗಂಡ ಮುಖ ಎತ್ತಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡರು. ನನ್ನನ್ನು ಮತ್ತೆ ಏನೂ ಕೇಳಲಿಲ್ಲ.