ಒಂದನೇ ನಂಬರಿನ ಮೆಂಬರ್ರು

ಜಿಲ್ಲಾ ಪಂಚಾಯ್ತಿಯ ಅವಧಿ ಮುಗಿದು ವರ್ಷಗಳೇ ಆದರೂ ಫಕ್ಕೀರೇಶಪ್ಪನವರು ಇಂದಿಗೂ ‘ಮೆಂಬರ್ರು’. ಮತ್ತೆ ಚುನಾವಣೆಯೇ ಆಗದ್ದರಿಂದ ಆ ಹೆಸರನ್ನು ಕಿತ್ತುಕೊಳ್ಳಲು ಯಾರೂ ಬಂದಿಲ್ಲ. ಬೆಳಗಾವಿ ಅಧಿವೇಶನ ಹತ್ತಿರ ಬಂತೆಂದರೆ ಅವರ ಹಳೇ ಸ್ಕೂಟರು ಹೊರಬೀಳುತ್ತದೆ. ಹತ್ತಿಮತ್ತೂರಿನ ಕಟ್ಟೆಯ ಮೇಲೆ ಗಿರಮಿಟ್ಟು ಮೆಲ್ಲುತ್ತ, “ನಿಮ್ಮ ಹೊಲದ ರಸ್ತೆ ಒಂದನೇ ನಂಬರ್ ರೀ, ಶಾಸಕರಿಗೆ ಮೊದಲ ಅದನ್ನ ಹೇಳ್ತೇನಿ” ಎನ್ನುತ್ತಾರೆ. ಗೊಟಗೋಡಿಯಲ್ಲಿ ಚಹಾ ಕುಡಿದರೆ ಅಲ್ಲಿಯ ಸಂಜೆ ಬಸ್ಸು ಒಂದನೇ ನಂಬರ್. ಸವಣೂರು ಪಟ್ಟಣ ಎಂದೂ ಅವರ ವ್ಯಾಪ್ತಿಗೆ ಬಂದದ್ದಲ್ಲ. ಆದರೂ ಅಲ್ಲಿ ಎಲೆ-ಅಡಿಕೆ ಕೊಟ್ಟವರ ಗಟಾರವೂ ಒಂದನೇ ನಂಬರೇ. ಮೊನ್ನೆ ಶಾಸಕರ ಮನೆಯಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಪ್ರತಿಯೊಂದಕ್ಕೂ “ಇದು ಒಂದನೇದ್ರಿ” ಎಂಬ ಮುದ್ರೆ. ಶಾಸಕರು ನಗುತ್ತ, “ಹಂಗಾರ ಎರಡನೇದು ಯಾವುದ್ರಿ ಮೆಂಬರ್ರ?” ಎಂದರು. ಫಕ್ಕೀರೇಶಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಎರಡನೇದು ನಂದ್ರಿ. ಲಗೂನ ಚುನಾವಣೆ ಮಾಡಸ್ರಿ. ಮಂದಿ ಇನ್ನೂ ನನ್ನ ಬಾಗಲಿಗೇ ಬರ್ತಾರ. ನಾ ಈಗ ಮೆಂಬರ್ ಅಲ್ಲಪಾ ಅಂದ್ರ, ‘ಮತ್ತ ಯಾರ ಕಡೆ ಹೋಗೂಣ್ರಿ’ ಅಂತಾರ. ಹೇಳಾಕ ನನ್ನ ಹತ್ರ ಒಂದೂ ಹೆಸರಿಲ್ರಿ.”