ಲೇಸರ್ ಕಿಂಡಿಗೆ ಗಂಧ

ಸ್ನೇಹಿತರೇ, ಇವತ್ತು ಆಯುಧಪೂಜೆ. ಮೂಡುಬಿದಿರೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನಾಲ್ಕು ದಿನದಿಂದ ಪೆಟ್ಟಿಗೆಯೊಂದರಲ್ಲಿ ಮಂದ ದ್ರವವನ್ನಿಟ್ಟು ನಿಧಾನವಾಗಿ ತಣಿಸುತ್ತಿದ್ದೇನೆ. ಪೆಟ್ಟಿಗೆಯ ಪುಟ್ಟ ಗಾಜಿನ ಕಿಂಡಿಯಿಂದ ಲೇಸರ್ ಬಿಟ್ಟು, ಒಳಗೆ ಬೆಳಕು ಹೇಗೆ ಚದುರುತ್ತದೆಂದು ನೋಡಿದರೆ ದ್ರವ ಹರಳುಗಟ್ಟದೆ ಗಟ್ಟಿಯಾಗಿ ಗಾಜಾಗುವ ಬಗೆ ತಿಳಿಯುತ್ತದೆ. ಅದು ಗಾಜಾಗಬೇಕಾದ ದಿನ ಇವತ್ತೇ.

ಊಟ ಮುಗಿಸಿ ಬಂದರೆ ಕಿಂಡಿಯ ನಟ್ಟನಡುವೆ ಗಂಧ, ಅದರ ಮೇಲೆ ಕುಂಕುಮ. ಕಂಪ್ಯೂಟರಿನಲ್ಲಿ ಬೆಳಕಿನ ಪ್ರಮಾಣ ತೋರಿಸುವ ಗೆರೆ ನೆಲಕಚ್ಚಿತ್ತು.

"ಎಲ್ಲ ಮೆಷಿನಿಗೂ ಇಟ್ಟೆ ಸರ್. ನಿಮ್ಮದಕ್ಕೆ ಮಾತ್ರ ಬಿಟ್ಟರೆ ನಿಮಗೆ ಬೇಸರ ಆಗುದಿಲ್ವಾ?" ಎಂದರು ಅಟೆಂಡರ್ ಶೀನಣ್ಣ.

"ಬದಿಗೆ ಇಡಬಹುದಿತ್ತಲ್ಲ ಮಾರಾಯ್ರೆ," ಎಂದೆ.

"ಬದಿಗೆ ಯಾರು ಇಡ್ತಾರೆ ಸರ್? ಹಣೆ ಎಲ್ಲಿ ಉಂಟು ಅಂತ ನೋಡಿಯೇ ಇಟ್ಟದ್ದು."

"ಸರಿ, ಈಗ ಒರೆಸುವ."

"ಪೂಜೆ ಆದದ್ದನ್ನು ಇವತ್ತೇ ಒರೆಸ್ಲಿಕ್ಕುಂಟಾ? ನಾಳೆ ಒರೆಸುವ."

ಅವರು ಹೋದ ಮೇಲೆ ಬಟ್ಟೆ ಹಿಡಿದು ಕಿಂಡಿಯ ಮುಂದೆ ನಿಂತೆ. ಹದಿನೆಂಟು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿರುವವನು ನಾನು. ಕೈ ಬರಲಿಲ್ಲ.

ಲೇಸರ್ ಆರಿಸಿ, ಶೀನಣ್ಣ ಇಟ್ಟುಹೋದ ಪ್ರಸಾದದ ಅವಲಕ್ಕಿ ತಿಂದೆ. ಪೆಟ್ಟಿಗೆಯೊಳಗೆ ದ್ರವ, ನೋಡುವವರಿಲ್ಲದೆ, ತನ್ನ ಪಾಡಿಗೆ ಗಾಜಾಗುತ್ತಿತ್ತು.