ಬೆಲ್ಟಿನ ಕೆಳಗಿದ್ದ ಕೈ

ಇಲ್ಲದ್ದನ್ನು ಕಂಡೆ ಎನ್ನುವವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಹೆಂಡತಿಯ ಕಡೆಯವರು ಯಾರಾದರೂ ಅಂಥ ಮಾತೆತ್ತಿದರೆ ಸಾಕು, “ರಾತ್ರಿ ಏನು ತಿಂದಿದ್ರಿ?” ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅವರು ಅದನ್ನೇ ನನಗೆ ಕೇಳಿದರೆ ನಾನು ಬೇಸರ ಮಾಡಿಕೊಳ್ಳುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಅರಸೀಕೆರೆಯ ಹೊರಗಿನ ಒಂದು ಆಸ್ಪತ್ರೆಯಲ್ಲಿದ್ದೆ. ನಾನು ಡಾಕ್ಟರಲ್ಲ. ಗಡ್ಡೆಗೆ ವಿಕಿರಣ ಕೊಡುವ ಯಂತ್ರ ಸರಿಯಾದ ಜಾಗಕ್ಕೇ ಕೊಡುತ್ತಿದೆಯೇ ಎಂದು ನೋಡಿಕೊಳ್ಳುವ ಭೌತವಿಜ್ಞಾನಿ. ಎಲ್ಲವನ್ನೂ ದಿನಾ ಪರೀಕ್ಷಿಸುತ್ತ ಕೂತರೆ ರೋಗಿಗಳ ಸರದಿಯೇ ಬರುವುದಿಲ್ಲ. ಹಾಗಾಗಿ ಎಲ್ಲಿ ತಪ್ಪಾಗಬಹುದು, ಎಷ್ಟು ಸಲ ಆಗಬಹುದು, ಆದರೆ ಎಷ್ಟು ಹಾನಿ, ಅದು ಮೊದಲೇ ನಮ್ಮ ಕಣ್ಣಿಗೆ ಬೀಳುತ್ತದೆಯೇ ಎಂದು ಒಂದೊಂದಕ್ಕೂ ಅಂಕ ಕೊಟ್ಟು ಪಟ್ಟಿ ಮಾಡಿದ್ದೆ. ಹೆಚ್ಚು ಅಪಾಯದ್ದಕ್ಕೆ ದಿನಾ ಪರೀಕ್ಷೆ, ಕಡಿಮೆಯದಕ್ಕೆ ವಾರಕ್ಕೊಮ್ಮೆ. ಆ ಪಟ್ಟಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಗೌರಮ್ಮ ಮಾದಿಹಳ್ಳಿಯವರು. ಹಸು ಸಾಕಿ ಡೈರಿಗೆ ಹಾಲು ಹಾಕುತ್ತಿದ್ದರು. ತಲೆಯೊಳಗೆ, ಕಣ್ಣಿನ ನರದ ಪಕ್ಕದಲ್ಲೇ ಗಡ್ಡೆ. ಎಡಗಣ್ಣು ಆಗಲೇ ಮಂಜಾಗಿತ್ತು, ಬಲಗಣ್ಣನ್ನಾದರೂ ಉಳಿಸಬೇಕಿತ್ತು. ಇಂಥವರ ತಲೆ ಅಲುಗಬಾರದೆಂದು ಮುಖದ ಅಚ್ಚಿಗೆ ತಕ್ಕಂತೆ ಪ್ಲಾಸ್ಟಿಕ್ ಮುಖವಾಡ ಮಾಡಿ, ಅದನ್ನು ಹಾಕಿ ಮೇಜಿಗೆ ಬಿಗಿಯುತ್ತೇವೆ. ಅದರೊಳಗಿಂದ ಮಾತಾಡಲಾಗುವುದಿಲ್ಲ. ತೊಂದರೆಯಾದರೆ ಬಲಗೈ ಎತ್ತಿ ಎಂದು ಮೊದಲೇ ಹೇಳಿ, ಹೊರಗಿನ ಟೀವಿಯಲ್ಲಿ ನೋಡುತ್ತಿರುತ್ತೇವೆ. ಮೊದಲ ಕೆಲವು ದಿನ ಎಕ್ಸ್‌ರೇ ತೆಗೆದು ನೋಡಿದಾಗ ಗೌರಮ್ಮನ ತಲೆ ಇರಬೇಕಾದಲ್ಲೇ ಇತ್ತು. ಇನ್ನು ಪಟ್ಟಿಯ ಪ್ರಕಾರ ವಾರಕ್ಕೊಮ್ಮೆ ತೆಗೆದರೆ ಸಾಕು ಎಂದೆ.

ಒಂದು ಸೋಮವಾರ ಊಟ ಮುಗಿಸಿ, ಮೊಬೈಲ್ ಚಾರ್ಜರ್ ಹುಡುಕಿಕೊಂಡು ಕಂಟ್ರೋಲ್ ರೂಮಿಗೆ ಹೋದೆ. ಯಂತ್ರ ನಡೆಸುವ ಶೋಭಾ ಗೌರಮ್ಮನನ್ನು ಒಳಗೆ ಮಲಗಿಸಿ, ಬಾಗಿಲು ಮುಚ್ಚಿ ಬಂದು ಕೂತಿದ್ದಳು. ಬೆರಳು ಬಟನ್ ಮೇಲಿತ್ತು. ನಾನು ಸುಮ್ಮನೆ ಟೀವಿಯ ಕಡೆ ನೋಡಿದೆ. ಹೊದಿಕೆಯಿಂದ ಬಲಗೈ ಮೇಲೆದ್ದಿತ್ತು, ಬೆರಳು ಅಗಲಿಸಿ, ಬಸ್ಸಿಗೆ ಕೈ ಅಡ್ಡ ಹಿಡಿಯುವವರ ಹಾಗೆ.

“ನಿಲ್ಸು! ಕೈ ಎತ್ತಿದ್ದಾರೆ!”

ಶೋಭಾ ಬೆಚ್ಚಿ ಬೆರಳು ತೆಗೆದಳು. “ಯಾವ ಕೈ ಸಾರ್? ನಾನೂ ನೋಡ್ತಾನೇ ಇದ್ದೀನಲ್ಲ!”

ಮತ್ತೆ ನೋಡಿದೆ. ಕೈ ಇರಲಿಲ್ಲ. ಆ ದಪ್ಪ ಬಾಗಿಲು ನಿಧಾನವಾಗಿ ಸರಿಯಿತು. ಒಳಗೆ ಹೋದರೆ ಗೌರಮ್ಮನ ಎರಡೂ ಕೈ ಹೊದಿಕೆಯ ಕೆಳಗಿದ್ದವು. ಮೇಲೆ ಅಗಲವಾದ ಬೆಲ್ಟು. ಕೈ ಮೇಜಿನಿಂದ ಜಾರುತ್ತದೆಂದು ಶೋಭಾ ಅವತ್ತು ಬಿಗಿದಿದ್ದಳಂತೆ. ಎಳೆದು ನೋಡಿದೆ. ಬೆರಳು ತೂರಿಸಲೂ ಜಾಗವಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

ಮುಖವಾಡ ಬಿಚ್ಚಿದೆ. ಮೊದಲಿದ್ದ ದಟ್ಟ ಕೂದಲಿಲ್ಲ, ತಲೆ ನುಣ್ಣಗಿತ್ತು. ಹಿಂದಿನ ದಿನ ಮಾಲೇಕಲ್ಲಿನ ದೇವಸ್ಥಾನಕ್ಕೆ ಹೋಗಿ ಮುಡಿ ಕೊಟ್ಟು ಬಂದಿದ್ದರು. ಶೋಭಾ ನೋಡಿದ್ದಳು, ಆದರೆ ನಮ್ಮ ಕಡೆ ಬೋಳುತಲೆ ಯಾರಿಗೂ ಸೋಜಿಗವಲ್ಲ. ಮುಖವಾಡವೂ ಎಂದಿನಂತೆ ಕಟಕಟ ಎಂದು ಕೂತಿತ್ತು.

“ನಮಗೊಂದು ಮಾತು ಹೇಳಬಾರದಿತ್ತಾ?” ಎಂದು ರೇಗಿದೆ.

“ದೇವ್ರಿಗೆ ಮುಡಿ ಕೊಡೋದ್ನ ಆಸ್ಪತ್ರೇಲಿ ಯಾಕೆ ಸಾರ್ ಹೇಳ್ಬೇಕು? ಕಣ್ ಉಳೀಲಿ ಅಂತ ಹರಕೆ ಹೊತ್ತಿದ್ದೆ.”

ಅದೇ ಮುಖವಾಡ ಹಾಕಿ ಎಕ್ಸ್‌ರೇ ತೆಗೆದೆವು. ಕೂದಲಿನ ದಪ್ಪ ಹೋಗಿ ತಲೆ ಕೆಳಗಿಳಿದು ಒಂದು ಕಡೆಗೆ ವಾಲಿತ್ತು. ವಿಕಿರಣ ಬೀಳಬೇಕಿದ್ದದ್ದು ಗಡ್ಡೆಗೆ, ಬೀಳಲಿದ್ದದ್ದು ಬಲಗಣ್ಣಿನ ನರಕ್ಕೆ. ಒಂದು ದಿನಕ್ಕೆ ಕಣ್ಣು ಹೋಗುತ್ತಿರಲಿಲ್ಲ. ಆದರೆ ಮುಂದಿನ ಎಕ್ಸ್‌ರೇವರೆಗೂ ದಿನಾ ಹೀಗೇ ಬಿದ್ದಿದ್ದರೆ? ಅವತ್ತಿನ ಚಿಕಿತ್ಸೆ ನಿಲ್ಲಿಸಿ, ಹೊಸ ಮುಖವಾಡಕ್ಕೆ ಅಚ್ಚು ತೆಗೆದೆವು.

ಹೊರಡುವಾಗ ಗೌರಮ್ಮ ಸೆರಗು ಹೊದ್ದುಕೊಳ್ಳುತ್ತ ಹೇಳಿದರು: “ತಲೆ ಆ ಮುಖವಾಡ್ದೊಳ್ಗೇ ಜಾರ್ದಂಗಾಯ್ತು ಸಾರ್. ಕೈ ಎತ್ತಾಕೆ ಜೀವ ಬಿಟ್ಟು ಒದ್ದಾಡ್ದೆ. ಆಗ್ನಿಲ್ಲ. ನಿಮ್ಗೆಂಗ್ ಗೊತ್ತಾಯ್ತು?”

ಟೀವಿಯಲ್ಲಿ ಕಂಡಿತು ಎಂದಷ್ಟೇ ಹೇಳಿ ಒಳಗೆ ಹೋದೆ.

ಅವರ ಬೋಳುತಲೆಯನ್ನು ನಾನು ಮೊದಲೇ ಎಲ್ಲೋ ಗಮನಿಸಿರಬೇಕು, ಮನಸ್ಸು ಅದನ್ನೇ ಕೈಯಾಗಿ ತೋರಿಸಿತು ಎಂದು ನೀವು ಹೇಳಬಹುದು. ಬೇರೆಯವರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅವರು ಬಂದು ಒಳಗೆ ಹೋಗುವಾಗ ನಾನು ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದೆ. ಗೌರಮ್ಮನ ಬಲಗಣ್ಣು ಉಳಿಯಿತು. ತಪಾಸಣೆಗೆ ಬಂದು ಊರಿಗೆ ಮರಳುವಾಗ ಹಳೇಬೀಡಿನ ಬಸ್ಸಿನ ಬೋರ್ಡನ್ನು ತಾವೇ ಓದಿ ಹತ್ತುತ್ತಿದ್ದರು.

ಆ ವಾರವೇ ಪಟ್ಟಿಗೆ ಮುಡಿಯನ್ನೂ ಸೇರಿಸಿದೆವು. ಎಷ್ಟು ಸಲ ಆಗಬಹುದು, ಎಷ್ಟು ಹಾನಿ, ಎರಡನ್ನೂ ತುಂಬಿಸಿದೆ. ಕೊನೆಯದಕ್ಕೆ ಬಂದಾಗ ಶೋಭಾ ನನ್ನ ಮುಖ ನೋಡಿದಳು. “ಬಟನ್ ಒತ್ತೋಕೆ ಮುಂಚೆ ನಮ್ಮ ಕಣ್ಣಿಗೆ ಬೀಳುತ್ತೆ ಅಂತ ಬರೀಲಾ, ಬೀಳಲ್ಲ ಅಂತ ಬರೀಲಾ ಸಾರ್?”

ಬೀಳಲ್ಲ ಅಂತಲೇ ಬರೆಸಿದೆ. ಅವತ್ತು ಬಿದ್ದದ್ದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.